ಎನ್‌ಎಫ್‌ಎಲ್ ರಿವ್ಯೂ: ಟಿವಿಯಲ್ಲಿ ನಮಗೆ ಕಾಣುವುದು ರೆಫರಿಗೆ ಯಾಕೆ ಕಾಣುವುದಿಲ್ಲ?

ಕೊಟ್ಟಾರ_ನೈಟ್‌ಶಿಫ್ಟ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಇನ್ಶೂರೆನ್ಸ್ ಕ್ಲೇಮ್ ನೋಡುವ ಆಫೀಸಿನಲ್ಲಿ ನನಗೆ ರಾತ್ರಿ ಪಾಳಿ. ಕ್ಲೈಂಟ್ ಇರುವುದು ಅಮೆರಿಕದ ಬಫಲೋದಲ್ಲಿ. ಅಲ್ಲಿಯವರ ಜೊತೆ ಕಾಲ್ ಶುರುವಾದರೆ ಮೊದಲು ಹಿಮದ ಸುದ್ದಿ, ಆಮೇಲೆ ಫುಟ್‌ಬಾಲ್ (ನಮ್ಮ ಕಾಲ್ಚೆಂಡು ಅಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ, ಅದರ ದೊಡ್ಡ ಲೀಗೇ ಎನ್‌ಎಫ್‌ಎಲ್), ಅದಾದ ಮೇಲೆಯೇ ಕೆಲಸದ ಮಾತು. ಮಾತಿಗೆ ಸೇರಿಕೊಳ್ಳಲು ಬೇಕಲ್ಲ ಅಂತ ಸುಮ್ನೆ ನೋಡಲು ಶುರು ಮಾಡಿದೆ. ಈಗ ಚಟ ಹಿಡಿದಿದೆ. ಭಾನುವಾರ ರಾತ್ರಿ ಹತ್ತೂವರೆಗೆ, ಅಲ್ಲಿ ಗಡಿಯಾರ ಹಿಂದೆ ಹಾಕಿದ ಮೇಲೆ ಹನ್ನೊಂದೂವರೆಗೆ, ಮೊದಲ ಮ್ಯಾಚ್. ರಜೆ ಇದ್ದರೆ ಮನೆಯಲ್ಲಿ ಸೌಂಡ್ ಮ್ಯೂಟ್ ಮಾಡಿ ನೋಡುವುದು.

ಆಟ ಅರ್ಥ ಆಗುತ್ತದೆ. ಅರ್ಥ ಆಗದ್ದು ಈ ರಿವ್ಯೂ. ನಾವು ಚಿಕ್ಕಂದಿನಿಂದ ಕ್ರಿಕೆಟ್ ನೋಡಿದವರು. ಬ್ಯಾಟ್ಸ್‌ಮನ್ ಕೈಯಿಂದ ಟಿ ಅಂತ ತೋರಿಸಿದರೆ ಮೂರನೇ ಅಂಪೈರ್ ನೋಡುತ್ತಾರೆ, ಚೆಂಡಿನ ದಾರಿ ಬರುತ್ತದೆ, ಔಟೋ ನಾಟೌಟೋ ಗೊತ್ತಾಗುತ್ತದೆ. ಇಲ್ಲಿ ಹಾಗಿಲ್ಲ. ಕೆಲವನ್ನು ರಿವ್ಯೂ ಮಾಡುತ್ತಾರೆ, ಕೆಲವನ್ನು ಮಾಡಲು ಬರುವುದೇ ಇಲ್ಲವಂತೆ. ಮಾಡಿದರೂ ಕೆಲವು ಸಲ ಯಾರಿಗೂ ಸಮಾಧಾನ ಇಲ್ಲ.

2025ರ ಜನವರಿ 26ರ ಬಫಲೋ-ಕಾನ್ಸಾಸ್ ಸಿಟಿ ಮ್ಯಾಚನ್ನೇ ತೆಗೆದುಕೊಳ್ಳಿ. ನಾಲ್ಕನೇ ಕ್ವಾರ್ಟರ್ ಶುರುವಿನಲ್ಲಿ ಬಫಲೋ 22-21 ಮುಂದೆ. ನಾಲ್ಕನೇ ಡೌನ್ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶದಲ್ಲಿ ಕೊನೆಯದು), ಬೇಕಾದದ್ದು ಒಂದು ಯಾರ್ಡಿಗಿಂತ ಕಡಿಮೆ. ಬಫಲೋದ ಜೋಶ್ ಆಲನ್ ಚೆಂಡು ಹಿಡಿದು ಗುಂಪಿನೊಳಗೆ ನುಗ್ಗಿದ. ಒಂದು ಬದಿಯ ಲೈನ್‌ನಲ್ಲಿ ನಿಂತ ಅಧಿಕಾರಿ ಸಿಕ್ಕಿತು ಅನ್ನುವ ಹಾಗೆ ಓಡಿ ಬಂದ, ಇನ್ನೊಂದು ಬದಿಯವನು ಹಿಂದೆಯೇ ನಿಂತ. ಕೊನೆಗೆ ಸಿಗಲಿಲ್ಲ ಅಂತ ತೀರ್ಪು. ರಿವ್ಯೂ ಆಯಿತು, ಬದಲಾಗಲಿಲ್ಲ. ಮ್ಯಾಚ್ 32-29ಕ್ಕೆ ಹೋಯಿತು. ನಮ್ಮ ಕ್ಲೈಂಟ್ ಕಡೆಯ ಮ್ಯಾನೇಜರ್ ಈಗಲೂ ಕೋಪ ಬಂದಾಗ ಅದನ್ನೇ ಎತ್ತುತ್ತಾರೆ.

ಇಷ್ಟು ದುಡ್ಡಿರುವ ಲೀಗ್, ಅಷ್ಟೊಂದು ಕ್ಯಾಮೆರಾ. ಎಲ್ಲವನ್ನೂ ನೋಡಿ ಸರಿ ಮಾಡಿದರೆ ಮುಗಿಯಿತಲ್ವಾ? ರಿವ್ಯೂ ಬಂದ ಮೇಲೆ ತೀರ್ಪು ನಿಜವಾಗಿ ಸುಧಾರಿಸಿದೆಯೋ ಅಥವಾ ಜಗಳ ಮಾತ್ರ ಜಾಸ್ತಿ ಆಗಿದೆಯೋ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬೈಕಂಪಾಡಿ_ಬಾಯ್

ಪ್ರೊ ಕಬಡ್ಡಿ ನೋಡು ಮಾರಾಯ. ಒಂದು ರಿವ್ಯೂ, ಎರಡು ನಿಮಿಷದಲ್ಲಿ ಮುಗೀತು. ನಿದ್ದೆಯೂ ಕೆಡುವುದಿಲ್ಲ.

ಪಿಟಿ_ಮಾಸ್ಟರ್_ಉಡುಪಿ

ಕೊಟ್ಟಾರದವರೇ, ಉತ್ತರ ಉದ್ದ ಆಗುತ್ತದೆ, ಚಾ ಇಟ್ಟುಕೊಂಡು ಓದಿ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟರ್ ಆಗಿದ್ದವನು, ಈಗ ರಿಟೈರ್ಡ್. ಕಬಡ್ಡಿಗೂ ವಾಲಿಬಾಲಿಗೂ ವಿಸಿಲ್ ಊದಿ ಸಾಕಷ್ಟು ಬೈಗುಳ ತಿಂದಿದ್ದೇನೆ. ಮಗಳು ಇರುವುದು ಡೆಟ್ರಾಯ್ಟ್ ಹತ್ತಿರ. 2012ರಲ್ಲಿ ಅವಳ ಬಾಣಂತನಕ್ಕೆ ಅಂತ ಗಂಡ-ಹೆಂಡತಿ ಇಬ್ಬರೂ ಹೋದೆವು. ಬಾಣಂತನ ನನ್ನ ಹೆಂಡತಿಯ ಇಲಾಖೆ. ನನಗೆ ಕೆಲಸವಿಲ್ಲ, ಹೊರಗೆ ಕಾಲಿಡಲಾಗದ ಚಳಿ. ಅಳಿಯನ ಪಕ್ಕ ಸೋಫಾದಲ್ಲಿ ಕೂತು ಈ ಆಟ ಕಲಿತೆ. ಅಳಿಯ ಡೆಟ್ರಾಯ್ಟ್ ಲಯನ್ಸ್ ಪಕ್ಷ. ಆ ಪಕ್ಷ ಹಿಡಿದವರಿಗೆ ರೆಫರಿ ಕಥೆಗಳಿಗೆ ಬರ ಇಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಡೆಟ್ರಾಯ್ಟ್‌ನಲ್ಲಿ ಮ್ಯಾಚ್ ಆಗುವುದು ವಾಡಿಕೆ. ಆ ವರ್ಷ ಹ್ಯೂಸ್ಟನ್ ಬಂದಿತ್ತು. ಮೂರನೇ ಕ್ವಾರ್ಟರ್, ಡೆಟ್ರಾಯ್ಟ್ 24-14 ಮುಂದೆ. ಹ್ಯೂಸ್ಟನ್‌ನ ಜಸ್ಟಿನ್ ಫಾರ್ಸೆಟ್ ಚೆಂಡು ಹಿಡಿದು ಗುಂಪಿಗೆ ನುಗ್ಗಿದ. ಇವರು ಹಿಡಿದು ಕೆಡವಿದರು. ಮೊಣಕಾಲು ನೆಲಕ್ಕೆ ತಾಗಿತು, ಮೊಣಕೈಯೂ ತಾಗಿತು. ಎದುರಾಳಿ ಮುಟ್ಟಿ ಕೆಡವಿದ ಮೇಲೆ ಮೊಣಕಾಲು ನೆಲಕ್ಕೆ ತಾಗಿದರೆ ಆ ಆಟ (ಇಡೀ ಮ್ಯಾಚ್ ಅಲ್ಲ, ಆ ಒಂದು ಸರದಿ) ಅಲ್ಲಿಗೆ ಮುಗಿಯಿತು. ಆದರೆ ವಿಸಿಲ್ ಬರಲಿಲ್ಲ. ಆಸಾಮಿ ಎದ್ದ, ಓಡಿದ. 81 ಯಾರ್ಡ್, ಟಚ್‌ಡೌನ್, ಅಂದರೆ ಎದುರಾಳಿಯ ಕೊನೇ ಗೆರೆ ದಾಟಿ ಅಂಕ.

ತೊಟ್ಟಿಲಲ್ಲಿ ಮಗು ಏಳುತ್ತದೆ ಅಂತ ಅಳಿಯ ಸೋಫಾದ ದಿಂಬನ್ನು ಬಾಯಿಗೆ ಒತ್ತಿ ಹಿಡಿದು ಅದರೊಳಗೆ ಕಿರುಚಿದ. ಅಷ್ಟರಲ್ಲಿ ಡೆಟ್ರಾಯ್ಟ್ ಕೋಚ್ ಜಿಮ್ ಶ್ವಾರ್ಟ್ಜ್ ಕಿಸೆಯಿಂದ ಕೆಂಪು ಬಟ್ಟೆ ತೆಗೆದು ಎಸೆದರು. ನನಗೆ ಅಷ್ಟರ ಮಟ್ಟಿಗೆ ನಿಯಮ ಗೊತ್ತಿತ್ತು: ಕೆಂಪು ಬಟ್ಟೆ ಎಂದರೆ ರಿವ್ಯೂ. ಸರಿ, ಇನ್ನು ನ್ಯಾಯ ಸಿಗುತ್ತದೆ ಅಂತ ಅಳಿಯನ ಬೆನ್ನು ತಟ್ಟಿದೆ.

ಆಮೇಲೆ ಆದದ್ದು ಕೇಳಿ. ಅಂಕ ಬಂದ ಆಟವನ್ನೆಲ್ಲ ತಾವಾಗಿಯೇ ರಿವ್ಯೂ ಮಾಡಬೇಕು ಅಂತ 2011ರಲ್ಲೇ ನಿಯಮ ಬಂದಿತ್ತು. ಹಾಗಾಗಿ ಕೋಚ್ ಬಟ್ಟೆ ಎಸೆಯುವ ಅಗತ್ಯವೇ ಇರಲಿಲ್ಲ. ಅಗತ್ಯವಿಲ್ಲದಾಗ ಎಸೆದರೆ 15 ಯಾರ್ಡ್ ದಂಡ. ದಂಡ ಹೋಗಲಿ, ಅದರ ಜೊತೆ ರಿವ್ಯೂವೂ ರದ್ದು! ಇಡೀ ದೇಶ ಟಿವಿಯಲ್ಲಿ ಮೊಣಕಾಲು ನೆಲಕ್ಕೆ ತಾಗಿದ್ದನ್ನು ಮತ್ತೆ ಮತ್ತೆ ನೋಡಿತು. ಮೈದಾನದಲ್ಲಿ ಅದನ್ನು ನೋಡುವ ಅಧಿಕಾರ ಯಾರಿಗೂ ಇರಲಿಲ್ಲ. ಟಚ್‌ಡೌನ್ ಉಳಿಯಿತು. ಡೆಟ್ರಾಯ್ಟ್ ಓವರ್‌ಟೈಮಿನಲ್ಲಿ 34-31ಕ್ಕೆ ಸೋತಿತು. ಮುಂದಿನ ವರ್ಷ ಆ ನಿಯಮ ತಿದ್ದಿದರು. ಈಗ ಕೋಚ್ ತಪ್ಪಿ ಬಟ್ಟೆ ಎಸೆದರೆ ಅದಕ್ಕೆ ಬೇರೆ ಶಿಕ್ಷೆ ಉಂಟು, ರಿವ್ಯೂ ಮಾತ್ರ ನಿಲ್ಲುವುದಿಲ್ಲ.

ಎಲ್ಲವನ್ನೂ ಯಾಕೆ ನೋಡುವುದಿಲ್ಲ ಅಂತ ಕೇಳಿದಿರಿ. ಒಮ್ಮೆ ಸುಮಾರಾಗಿ ಹಾಗೆ ಮಾಡಿ ನೋಡಿದ್ದಾರೆ. 1986ರಲ್ಲಿ ಎನ್‌ಎಫ್‌ಎಲ್ ಮೊದಲ ಸಲ ರಿಪ್ಲೇ ತಂದಿತು. ಮೇಲೆ ಬೂತಿನಲ್ಲಿ ಒಬ್ಬರು ಟಿವಿ ನೋಡುವುದು, ಸಂಶಯ ಬಂದರೆ ವಾಕಿಟಾಕಿಯಲ್ಲಿ ಕೆಳಗೆ ಹೇಳುವುದು. ಅದೇ ವರ್ಷ ರೈಡರ್ಸ್-ಚೀಫ್ಸ್ ಮ್ಯಾಚಿನಲ್ಲಿ ಮೇಲಿನವರು 'ಪಾಸ್ ಇನ್‌ಕಂಪ್ಲೀಟ್' ಅಂದದ್ದು ಕೆಳಗಿನವರಿಗೆ 'ಪಾಸ್ ಈಸ್ ಕಂಪ್ಲೀಟ್' ಅಂತ ಕೇಳಿಸಿ, ಇಲ್ಲದ ಟಚ್‌ಡೌನ್ ಸಿಕ್ಕಿತು. ಕ್ಯಾಮೆರಾ ಸರಿ ಇತ್ತು, ವಾಕಿಟಾಕಿ ಕೈ ಕೊಟ್ಟಿತು. ಜೊತೆಗೆ ಆಟ ನಿಂತು ನಿಂತು ಜನರಿಗೂ ಬೇಜಾರು. 1992ರಲ್ಲಿ ತಂಡದ ಮಾಲೀಕರು ಮತ ಹಾಕಿದರು. ಮುಂದುವರಿಸಲು 21 ಮತ ಬೇಕಿತ್ತು, 17 ಬಿತ್ತು. ರಿಪ್ಲೇ ಮನೆಗೆ ಹೋಯಿತು.

ವಾಪಸ್ ಕರೆಸಿದ್ದು ಒಂದು ಹೆಲ್ಮೆಟ್. 1998ರ ಡಿಸೆಂಬರ್ 6, ನ್ಯೂಯಾರ್ಕ್ ಜೆಟ್ಸ್ ಮತ್ತು ಸಿಯಾಟಲ್. ಕೊನೇ ಕ್ಷಣ, ಜೆಟ್ಸ್‌ನ ವಿನ್ನಿ ಟೆಸ್ಟಾವರ್ಡೆ ಗೆರೆಯತ್ತ ಹಾರಿದರು. ತಲೆ ಗೆರೆ ದಾಟಿತು, ಚೆಂಡು ದಾಟಲಿಲ್ಲ. ಬದಿಯಲ್ಲಿ ನಿಂತ ಅಧಿಕಾರಿ ಕೈ ಎತ್ತಿ ಟಚ್‌ಡೌನ್ ಅಂದರು. ಜೆಟ್ಸ್ 32-31ಕ್ಕೆ ಗೆದ್ದಿತು. ಆ ಸೀಸನ್ ಮುಗಿದ ಮೇಲೆ ಸಿಯಾಟಲ್ ಕೋಚ್ ಕೆಲಸವೂ ಹೋಯಿತು. 1999ರಲ್ಲಿ ರಿಪ್ಲೇ ಮತ್ತೆ ಬಂತು.

ಆದರೆ ಈ ಸಲ ಅದಕ್ಕೊಂದು ಬೆಲೆ ಕಟ್ಟಿದರು. ಕೋಚ್‌ಗೆ ಮ್ಯಾಚಿಗೆ ಎರಡು ಚಾಲೆಂಜ್. ಚಾಲೆಂಜ್ ಬಿದ್ದು ಹೋದರೆ ಒಂದು ಟೈಮ್‌ಔಟ್ ಹೋಯಿತು. ಕೊನೆಯಲ್ಲಿ ಗಡಿಯಾರದ ಜೊತೆ ಓಡುವಾಗ ಆ ಟೈಮ್‌ಔಟ್ ಚಿನ್ನದಂಥದ್ದು, ಸುಮ್ಮಸುಮ್ಮನೆ ಯಾರೂ ಕಳೆದುಕೊಳ್ಳುವುದಿಲ್ಲ. ಪ್ರತಿ ಅರ್ಧದ ಕೊನೇ ಎರಡು ನಿಮಿಷ ಮಾತ್ರ ಬೂತಿನವರೇ ನೋಡಿಕೊಳ್ಳುತ್ತಾರೆ. 2004ರಿಂದ ಎರಡೂ ಚಾಲೆಂಜ್ ಗೆದ್ದರೆ ಮೂರನೆಯದು, 2024ರಿಂದ ಒಂದು ಗೆದ್ದರೆ ಸಾಕು. ಅಂಕ ಬಂದ ಆಟ 2011ರಿಂದ, ಚೆಂಡು ಕೈ ಬದಲಾದ ಆಟ 2012ರಿಂದ, ತಾನಾಗಿಯೇ ರಿವ್ಯೂಗೆ ಹೋಗುತ್ತದೆ. ಮೊದಲು ರೆಫರಿ ಮೈದಾನದ ಬದಿಯಲ್ಲಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಟಿವಿ ನೋಡುತ್ತಿದ್ದರು, ಹಳೇ ಸ್ಟುಡಿಯೋದ ಫೋಟೋಗ್ರಾಫರ್ ಥರ. 2017ರಿಂದ ಕೊನೇ ಮಾತು ನ್ಯೂಯಾರ್ಕಿನ ಲೀಗ್ ಆಫೀಸಿನದು. ರೆಫರಿ ಟ್ಯಾಬ್ಲೆಟ್ ಹಿಡಿದು ಹೆಡ್‌ಸೆಟ್ ಹಾಕಿ ನಿಲ್ಲುತ್ತಾರಲ್ಲ, ಅದು ಅಲ್ಲಿಯವರ ಜೊತೆ ಮಾತು.

ಈಗ ನಿಮ್ಮ ಬಫಲೋ ವಿಷಯ. ಮೈದಾನದಲ್ಲಿ ಮೊದಲು ಕೊಟ್ಟ ತೀರ್ಪಿಗೆ ತೂಕ ಉಂಟು. ಅದು ತಪ್ಪು ಅಂತ ಕ್ಯಾಮೆರಾ ಎದ್ದು ಕಾಣುವ ಹಾಗೆ ತೋರಿಸಬೇಕು. ತೋರಿಸದಿದ್ದರೆ ಮೊದಲಿನದೇ ಗಟ್ಟಿ. ಅಂದು ಅಷ್ಟು ದೊಡ್ಡ ದೊಡ್ಡ ಮೈಗಳ ಕೆಳಗೆ ಚೆಂಡು ಎಲ್ಲಿತ್ತು? ಯಾವ ಕ್ಯಾಮೆರಾಕ್ಕೂ ಸ್ಪಷ್ಟವಾಗಿ ಕಾಣಲಿಲ್ಲ. ರೆಫರಿ ಮೊದಲೇ ಸಿಕ್ಕಿತು ಅಂದಿದ್ದರೆ ಅದೂ ಹಾಗೆಯೇ ಉಳಿಯುತ್ತಿತ್ತೋ ಏನೋ. ಅಂದರೆ ರಿವ್ಯೂ ಇದ್ದರೂ ಮ್ಯಾಚಿನ ದಾರಿ ನಿಂತದ್ದು ಎರಡು ಬದಿಯವರಲ್ಲಿ ಯಾರ ಮಾತು ತೆಗೆದುಕೊಂಡರು ಅನ್ನುವುದರ ಮೇಲೆ. ನಿಮ್ಮ ಮ್ಯಾನೇಜರಿಗೆ ಸಿಟ್ಟು ಬರುವುದು ಸಹಜ.

ಸುಧಾರಿಸಿದೆಯಾ ಅಂತ ನಿಮ್ಮ ಕೊನೇ ಪ್ರಶ್ನೆ. ನನಗೆ ಹೇಳಲಿಕ್ಕಿರುವುದು ಇದೇ. ಹೆಲ್ಮೆಟ್‌ನಂಥ ತಪ್ಪು ಈಗ ಆಗುವುದಿಲ್ಲ. ಗೆರೆ ದಾಟಿತೋ ಇಲ್ಲವೋ, ಕಾಲು ಒಳಗೋ ಹೊರಗೋ, ಇಂಥದ್ದರಲ್ಲಿ ರಿವ್ಯೂ ತುಂಬ ಒಳ್ಳೆಯದು ಮಾಡಿದೆ. ಆದರೆ ಈ ಕ್ಯಾಮೆರಾ ಬರೀ ತೀರ್ಪು ತಿದ್ದಿ ಸುಮ್ಮನಾಗಲಿಲ್ಲ, ನಿಯಮವನ್ನೇ ಎಳೆದಾಡಿತು. ಆ ನಿಯಮಗಳನ್ನು ಬರೆದದ್ದು ಓಡುತ್ತಾ ನೋಡುವ ಮನುಷ್ಯನಿಗೆ. ಅದನ್ನೇ ಫ್ರೇಮ್ ಫ್ರೇಮ್ ನಿಲ್ಲಿಸಿ ಓದಲು ಹೋದಾಗ ಎಡವಟ್ಟು ಶುರುವಾಯಿತು.

ಕ್ಯಾಚ್ ತೆಗೆದುಕೊಳ್ಳಿ. ಕ್ಯಾಚ್ ಹಿಡಿದದ್ದು ಮಕ್ಕಳಿಗೂ ಗೊತ್ತಾಗುತ್ತದೆ. 2010ರಲ್ಲಿ ಷಿಕಾಗೋದಲ್ಲಿ ಡೆಟ್ರಾಯ್ಟ್‌ನ ಕ್ಯಾಲ್ವಿನ್ ಜಾನ್ಸನ್ ಕೊನೇ ನಿಮಿಷದಲ್ಲಿ ಗೆರೆಯಾಚೆ ಹಾರಿ ಚೆಂಡು ಹಿಡಿದರು. ಎರಡೂ ಕಾಲು ನೆಲಕ್ಕೆ, ಮೈ ನೆಲಕ್ಕೆ, ಏಳುವಾಗ ಒಂದು ಕೈಯಲ್ಲಿದ್ದ ಚೆಂಡು ನೆಲಕ್ಕೆ ತಾಗಿ ಅಲ್ಲೇ ಬಿಟ್ಟುಹೋಯಿತು. ಒಬ್ಬ ಅಧಿಕಾರಿ ಟಚ್‌ಡೌನ್ ಅಂದರು. ಇನ್ನೊಬ್ಬರು ಬಂದು ಇಲ್ಲ ಅಂದರು. ರಿವ್ಯೂ ಆಯಿತು, ಕ್ಯಾಚ್ ಅಲ್ಲ ಅಂತಲೇ ಆಯಿತು. ಬೀಳುತ್ತಾ ಹಿಡಿದವನು ನೆಲಕ್ಕೆ ಬಿದ್ದು ಮುಗಿಯುವ ತನಕ ಚೆಂಡು ಬಿಡಬಾರದು ಅಂತ ನಿಯಮ. ಡೆಟ್ರಾಯ್ಟ್ 19-14ಕ್ಕೆ ಸೋತಿತು. ನಾನು ಅಲ್ಲಿಗೆ ಹೋದಾಗ ಎರಡು ವರ್ಷ ಕಳೆದಿತ್ತು, ಆದರೂ ಅಳಿಯ ಮನೆಯ ಹಾಲ್‌ನಲ್ಲಿ ನೆಲಕ್ಕೆ ಬಿದ್ದು ದಿಂಬು ಹಿಡಿದು ಅದನ್ನು ಮಾಡಿ ತೋರಿಸಿದ.

2015ರ ಜನವರಿಯಲ್ಲಿ ಡಲ್ಲಾಸ್‌ನ ಡೆಜ್ ಬ್ರ್ಯಾಂಟ್ ಗ್ರೀನ್ ಬೇ ಮೇಲೆ ಹಿಡಿದದ್ದೂ ಹೀಗೆಯೇ. ಮೈದಾನದಲ್ಲಿ ಕ್ಯಾಚ್ ಅಂದರು, ರಿವ್ಯೂನಲ್ಲಿ ಕಿತ್ತುಕೊಂಡರು. 2017ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗ್‌ನ ಜೆಸ್ಸಿ ಜೇಮ್ಸ್ ನ್ಯೂ ಇಂಗ್ಲೆಂಡ್ ವಿರುದ್ಧ ಟಚ್‌ಡೌನ್ ಮಾಡಿದ್ದನ್ನೂ ಹಾಗೆಯೇ ತೆಗೆದರು, ಉಳಿದದ್ದು 28 ಸೆಕೆಂಡ್. ಚೆಂಡು ನೆಲಕ್ಕೆ ತಾಗುವಾಗ ಸ್ವಲ್ಪ ಅಲುಗಾಡಿತು ಅಂತ. ಬರಿಗಣ್ಣಿಗೆ ಆ ಅಲುಗಾಟ ಕಾಣುವುದೇ ಇಲ್ಲ. ನಿಧಾನ ಮಾಡಿದರೆ ಎಲ್ಲ ಚೆಂಡೂ ಅಲುಗುತ್ತದೆ! ಕೊನೆಗೆ 2018ರಲ್ಲಿ ನಿಯಮವನ್ನೇ ತಿದ್ದಿದರು. ಚೆಂಡು ಹತೋಟಿಯಲ್ಲಿರಬೇಕು, ಎರಡು ಕಾಲು ಅಥವಾ ಮೈಯ ಬೇರೆ ಭಾಗ ಒಳಗೆ ತಾಗಬೇಕು, ಆಮೇಲೆ ಮೂರನೇ ಹೆಜ್ಜೆಯಂಥ ಒಂದು ಆಟದ ಚಲನೆ ಮಾಡಬೇಕು ಅಥವಾ ಮಾಡುವಷ್ಟು ಹೊತ್ತು ಹಿಡಿದಿರಬೇಕು. ಅಂದರೆ ಜನ ಮೊದಲಿಂದ ಏನನ್ನು ಕ್ಯಾಚ್ ಅನ್ನುತ್ತಿದ್ದರೋ ಹೆಚ್ಚು ಕಡಿಮೆ ಅಲ್ಲಿಗೇ ಬಂದರು.

ಇನ್ನೊಂದು, 2002ರ ಜನವರಿ 19. ಹಿಮ ಬೀಳುತ್ತಾ ಇದೆ, ರೈಡರ್ಸ್ 13-10 ಮುಂದೆ. ಅವರ ಚಾರ್ಲ್ಸ್ ವುಡ್ಸನ್ ಬಂದು ನ್ಯೂ ಇಂಗ್ಲೆಂಡ್‌ನ ಟಾಮ್ ಬ್ರೇಡಿಗೆ ಗುದ್ದಿದಾಗ ಚೆಂಡು ಕೈಯಿಂದ ಜಾರಿತು. ರೈಡರ್ಸ್‌ಗೆ ಸಿಕ್ಕಿತು, ಮ್ಯಾಚ್ ಮುಗಿದ ಹಾಗೆಯೇ. ರೆಫರಿ ವಾಲ್ಟ್ ಕೋಲ್ಮನ್ ರಿಪ್ಲೇ ನೋಡಿ ಬಂದು, ಇದು ಫಂಬಲ್ (ಕೈತಪ್ಪಿ ಬಿದ್ದ ಚೆಂಡು) ಅಲ್ಲ, ಗುರಿ ಮುಟ್ಟದ ಪಾಸ್ ಅಂದರು. ಕೈ ಮುಂದಕ್ಕೆ ಬೀಸಿದ ಮೇಲೆ ಚೆಂಡನ್ನು ವಾಪಸ್ ಎದೆಗೆ ಎಳೆದುಕೊಳ್ಳುವಾಗ ಜಾರಿದರೂ ಅದು ಪಾಸೇ ಅಂತ 1999ರಿಂದ ನಿಯಮವಿತ್ತು. ರೆಫರಿ ಪುಸ್ತಕದ ಪ್ರಕಾರ ಸರಿಯಾಗಿಯೇ ಹೇಳಿದರು. ನ್ಯೂ ಇಂಗ್ಲೆಂಡ್ 16-13ಕ್ಕೆ ಗೆದ್ದಿತು, ಮುಂದೆ ಕಪ್ಪನ್ನೂ ಗೆದ್ದಿತು. ಆ ನಿಯಮವನ್ನು ತೆಗೆದು ಹಾಕಲು 2013 ಆಯಿತು.

ವಿಸಿಲ್ ಊದಿದವನಾಗಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಬದಲಾವಣೆ. ಈಗಿನ ರೆಫರಿಗಳು ಸಂಶಯ ಇದ್ದರೆ ವಿಸಿಲ್ ಊದುವುದಿಲ್ಲ, ಆಟ ಬಿಡುತ್ತಾರೆ. ಚೆಂಡು ಬಿತ್ತೋ, ಅದಕ್ಕೆ ಮೊದಲೇ ಮೊಣಕಾಲು ತಾಗಿತೋ ಗೊತ್ತಾಗದಿದ್ದರೆ ಓಡಲಿ ಅಂತ ಬಿಡುವುದು, ಆಮೇಲೆ ನೋಡಿಕೊಂಡರಾಯಿತು. ಯಾಕೆಂದರೆ ವಿಸಿಲ್ ಊದಿದ ಮೇಲಿನ ಓಟವನ್ನು ಯಾವ ಕ್ಯಾಮೆರಾವೂ ವಾಪಸ್ ಕೊಡುವುದಿಲ್ಲ. ಲೆಕ್ಕ ಸರಿಯೇ. ಆದರೆ ನಮ್ಮ ಕಾಲದಲ್ಲಿ ವಿಸಿಲ್ ಹಿಡಿದವನು ಆ ಕ್ಷಣಕ್ಕೆ ತೀರ್ಮಾನ ಮಾಡಬೇಕಿತ್ತು, ಈಗ ಅವನ ಮೊದಲ ಕೆಲಸ ಕ್ಯಾಮೆರಾಕ್ಕೆ ಜಾಗ ಮಾಡಿಕೊಡುವುದು. ನನಗದು ಅಷ್ಟು ಹಿಡಿಸುವುದಿಲ್ಲ.

ಸುರತ್ಕಲ್_ಸಿಗ್ನಲ್ಸ್

ಮಾಸ್ಟ್ರೇ, ಭಾರಿ ಲಾಯ್ಕಾಯ್ತು. ತಾಂತ್ರಿಕ ವಿಷಯ ಸ್ವಲ್ಪ ಸೇರಿಸುತ್ತೇನೆ.

ಚೆಂಡಿನೊಳಗೆ ಚಿಪ್ ಹಾಕಿದರೆ ಮುಗಿಯಿತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಎನ್‌ಎಫ್‌ಎಲ್ ಚೆಂಡಿನಲ್ಲಿ ಚಿಪ್ ಈಗಾಗಲೇ ಉಂಟು, ಆಟಗಾರರ ಭುಜದ ಪ್ಯಾಡಿನಲ್ಲೂ ಉಂಟು. ಟಿವಿಯಲ್ಲಿ ಯಾರು ಎಷ್ಟು ವೇಗದಲ್ಲಿ ಓಡಿದರು ಅಂತ ಬರುವುದು ಅದರಿಂದಲೇ. ಆದರೆ ಅದು ಹೇಳುವ ಜಾಗ ಕೆಲವು ಇಂಚು ಆಚೀಚೆ ಇರುತ್ತದೆ. ಜಗಳ ಆಗುವುದು ಒಂದೆರಡು ಇಂಚಿಗೆ. ಅಲ್ಲದೆ ಚೆಂಡು ಉದ್ದುದ್ದ, ಗೆರೆ ತಾಗಬೇಕಾದದ್ದು ಅದರ ತುದಿ. ಚಿಪ್ ಇರುವುದು ಒಳಗೆ. ತುದಿ ಯಾವ ಕಡೆ ತಿರುಗಿತ್ತು ಅನ್ನುವುದೂ ಬೇಕಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಸಮಯ. ಕ್ರಿಕೆಟ್‌ನಲ್ಲಿ ಚೆಂಡು ಪ್ಯಾಡಿಗೆ ತಾಗಿದ ಕ್ಷಣ ಒಂದೇ, ಅದು ಚೆನ್ನಾಗಿ ಕಾಣುತ್ತದೆ. ಇಲ್ಲಿ ಚೆಂಡು ಎಲ್ಲಿತ್ತು ಅಂತ ಮಾತ್ರ ಕೇಳಿದರೆ ಸಾಲದು. ಮೊಣಕಾಲು ನೆಲಕ್ಕೆ ತಾಗಿದ ಆ ಕ್ಷಣದಲ್ಲಿ ಚೆಂಡು ಎಲ್ಲಿತ್ತು? ಮೊಣಕಾಲು ಒಂದು ಕ್ಯಾಮೆರಾದಲ್ಲಿ, ಚೆಂಡು ಇನ್ನೊಂದರಲ್ಲಿ ಕಾಣುತ್ತದೆ. ಕೆಲವು ಸಲ ಎರಡೂ ಯಾರದೋ ಬೆನ್ನಿನ ಕೆಳಗೆ. ಮೊಣಕಾಲಿಗೆ ಚಿಪ್ ಇಲ್ಲ.

2025ರ ಸೀಸನ್‌ನಿಂದ ಹಾಕ್-ಐ ತಂದಿದ್ದಾರೆ. ಹೌದು, ನಮ್ಮ ಕ್ರಿಕೆಟ್‌ನ ಅದೇ ಹಾಕ್-ಐ, ಈಗ ಸೋನಿಯವರದ್ದು. ಪ್ರತಿ ಸ್ಟೇಡಿಯಂನಲ್ಲಿ ಆರು 8ಕೆ ಕ್ಯಾಮೆರಾ. ಹತ್ತು ಯಾರ್ಡ್ ಸರಪಳಿ ಎಳೆದುಕೊಂಡು ಬಂದು ಅಳೆಯುತ್ತಿದ್ದರಲ್ಲ, ಅದರ ಬದಲು ಇದು. ಸರಪಳಿಯವರನ್ನು ಬದಿಯಲ್ಲಿ ಹಾಗೆಯೇ ಇಟ್ಟುಕೊಂಡಿದ್ದಾರೆ, ಸಿಸ್ಟಮ್ ಕೈ ಕೊಟ್ಟರೆ ಬೇಕು ಅಂತ. ಆದರೆ ಒಂದು ಸಂಗತಿ ಜನ ಮರೆಯುತ್ತಾರೆ. ಹಾಕ್-ಐ ಅಳೆಯುವುದು ಚೆಂಡು ಇಟ್ಟ ಜಾಗದಿಂದ. ಚೆಂಡನ್ನು ಅಲ್ಲಿ ಇಡುವುದು ಈಗಲೂ ಮನುಷ್ಯನ ಕೈ. ಹಾಗಾಗಿ ಜೋಶ್ ಆಲನ್ ಜಗಳ ಈ ವರ್ಷ ಆಗಿದ್ದರೂ ಹಾಕ್-ಐ ಏನೂ ಮಾಡುತ್ತಿರಲಿಲ್ಲ.

ಮಾಸ್ಟರ್ ಹೇಳಿದ 'ಮೊದಲಿನದೇ ಗಟ್ಟಿ' ನಮ್ಮ ಅಂಪೈರ್ಸ್ ಕಾಲ್ ಇದ್ದ ಹಾಗೆಯೇ. ಒಂದೇ ವ್ಯತ್ಯಾಸ. ಕ್ರಿಕೆಟ್‌ನಲ್ಲಿ 2017ರಿಂದ ಅಂಪೈರ್ಸ್ ಕಾಲ್ ಬಂದರೆ ರಿವ್ಯೂ ಉಳಿಯುತ್ತದೆ. ಇಲ್ಲಿ ಕೋಚ್ ಟೈಮ್‌ಔಟ್ ಕಳೆದುಕೊಳ್ಳುತ್ತಾನೆ. ಕ್ಯಾಮೆರಾಕ್ಕೆ ಕಾಣದ್ದಕ್ಕೆ ಕೋಚ್ ಯಾಕೆ ದಂಡ ಕಟ್ಟಬೇಕು? ಇದು ನನಗೆ ಅನ್ಯಾಯ ಅಂತಲೇ ಕಾಣುತ್ತದೆ.

ಕಾರ್ಕಳ_ಕೋಣ

ಮೂರು ಗಂಟೆ ಆಟ, ಅದರಲ್ಲಿ ಚೆಂಡು ಓಡಾಡುವುದು ಹನ್ನೊಂದು ನಿಮಿಷದ ಹತ್ತಿರ. ಉಳಿದದ್ದು ಜಾಹೀರಾತು ಮತ್ತು ರೆಫರಿ ಭಾಷಣ. ಅದರಲ್ಲಿ ನ್ಯಾಯ ಹುಡುಕುತ್ತಾ ಕೂತಿದ್ದೀರಿ, ನಿಮಗೆಲ್ಲ ತಾಳ್ಮೆ ಜಾಸ್ತಿ.

ಆದರೂ ಮಾಸ್ಟರ್ ಮಾತಿಗೆ ಒಂದು ಸೇರಿಸುತ್ತೇನೆ. ಕಂಬಳದಲ್ಲಿ ಹಗ್ಗ, ನೇಗಿಲು ವಿಭಾಗದಲ್ಲಿ ಯಾವ ಜೋಡಿ ಮೊದಲು ಮುಟ್ಟಿತು ಅನ್ನುವುದಕ್ಕೆ ಈಗ ಲೇಸರ್ ಉಂಟು, ಸೆಕೆಂಡಿನ ನೂರನೇ ಭಾಗ ಬರುತ್ತದೆ. ಅಲ್ಲಿ ಜಗಳ ಕಡಿಮೆ ಆಗಿದೆ, ಒಪ್ಪುತ್ತೇನೆ. ಕೋಣಗಳು ಎಳೆಯುವ ಹಲಗೆ ನೀರು ಚಿಮ್ಮಿಸುವ ಕನೆಹಲಗೆ ಬೇರೆಯೇ. ಅಲ್ಲಿ ಓಟದ ವೇಗ ಅಲ್ಲ, ನೀರು ಆರೂವರೆ ಕೋಲು ಎತ್ತರದ ನಿಶಾನೆಗೆ ಹಾಯಬೇಕು. ಕೆಸರು ನೀರು, ಮೇಲೆ ಬಟ್ಟೆ, ಲೈಟಿನ ಬೆಳಕು. ನೋಡುವವರು ಸರಿಯಾದ ಜಾಗದಲ್ಲಿ ನಿಂತಿರಬೇಕು, ಆಮೇಲೆ ಬಟ್ಟೆ ಒದ್ದೆಯಾ ಅಂತ ನೋಡಬೇಕು. ಯಾರು ಮೊದಲು ಮುಟ್ಟಿದರು ಅನ್ನುವುದಕ್ಕೆ ಯಂತ್ರ ಸಾಕು. ಏನಾಯಿತು ಅಂತ ಹೇಳಲು ಮನುಷ್ಯ ಬೇಕು. ನಿಮ್ಮ ಎನ್‌ಎಫ್‌ಎಲ್‌ನವರು ಎರಡನ್ನೂ ಒಂದೇ ಯಂತ್ರಕ್ಕೆ ಹಾಕಿದ್ದಾರೆ, ಅಲ್ಲೇ ಆದದ್ದು ತೊಂದರೆ.

ಕೊಟ್ಟಾರ_ನೈಟ್‌ಶಿಫ್ಟ್

ಅಬ್ಬ, ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಾಸ್ಟ್ರೇ, ನಿಮ್ಮ ಅಳಿಯನ ದಿಂಬು ಓದಿ ಬ್ರೇಕ್ ರೂಮಿನಲ್ಲಿ ಒಬ್ಬನೇ ನಕ್ಕೆ. ಇನ್ನೊಂದು ಸಂಶಯ. ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದು ನಿಲ್ಲಿಸುವುದು), ಪಾಸ್ ಇಂಟರ್‌ಫಿಯರೆನ್ಸ್ (ಪಾಸ್ ಹಿಡಿಯುವವನಿಗೆ ಅಡ್ಡಿ ಮಾಡುವುದು) ಥರದ ಫೌಲ್‌ಗಳನ್ನು ಯಾಕೆ ರಿವ್ಯೂಗೆ ಬಿಡುವುದಿಲ್ಲ? ಮ್ಯಾಚ್ ಹೋಗುವುದೇ ಅದರಲ್ಲಿ ಅಲ್ವಾ? ಫೌಲ್ ಅಂತ ರೆಫರಿ ಎಸೆಯುವ ಹಳದಿ ಬಟ್ಟೆ ಬಿದ್ದರೆ ಒಂದು ಕಥೆ, ಬೀಳದಿದ್ದರೆ ಇನ್ನೊಂದು ಕಥೆ.

ಪಿಟಿ_ಮಾಸ್ಟರ್_ಉಡುಪಿ

ಕಾರ್ಕಳದವರು ನಾನು ಅಷ್ಟುದ್ದ ಬರೆದದ್ದನ್ನು ನಾಲ್ಕು ಸಾಲಿನಲ್ಲಿ ಹೇಳಿದರು. ಕನೆಹಲಗೆ ಸರಿಯಾದ ಉದಾಹರಣೆ.

ನಿಮ್ಮ ಸಂಶಯಕ್ಕೆ ಉತ್ತರ: ಬಿಟ್ಟು ನೋಡಿದ್ದಾರೆ. ಒಂದೇ ವರ್ಷ.

2019ರ ಜನವರಿ 20, ನ್ಯೂ ಆರ್ಲಿಯನ್ಸ್. ಸೇಂಟ್ಸ್ ಮತ್ತು ರ‍್ಯಾಮ್ಸ್, ಗೆದ್ದವರಿಗೆ ಸೂಪರ್ ಬೌಲ್, ಅಂದರೆ ಫೈನಲ್. 20-20 ಸಮ, ಉಳಿದದ್ದು ಎರಡು ನಿಮಿಷಕ್ಕಿಂತ ಕಡಿಮೆ. ಸೇಂಟ್ಸ್‌ನ ಟಾಮಿಲೀ ಲೂಯಿಸ್ ಕಡೆಗೆ ಪಾಸ್ ಬರುತ್ತಾ ಇದೆ. ಚೆಂಡು ಬರುವ ಮೊದಲೇ ರ‍್ಯಾಮ್ಸ್‌ನ ನಿಕೆಲ್ ರೋಬಿ-ಕೋಲ್ಮನ್ ಓಡಿ ಬಂದು ಗುದ್ದಿದರು. ಚೆಂಡಿನ ಕಡೆ ತಿರುಗಿಯೂ ನೋಡಲಿಲ್ಲ. ಹಳದಿ ಬಟ್ಟೆ ಬೀಳಲಿಲ್ಲ. ಫೌಲ್ ಕೊಟ್ಟಿದ್ದರೆ ಸೇಂಟ್ಸ್ ಗಡಿಯಾರ ಓಡಿಸಿ ಕೊನೆಯಲ್ಲಿ ಒಂದು ಕಿಕ್ ಹೊಡೆದು ಮನೆಗೆ ಹೋಗಬಹುದಿತ್ತು. ಕೊಡದ್ದರಿಂದ ರ‍್ಯಾಮ್ಸ್‌ಗೆ ಸಮಯ ಸಿಕ್ಕಿತು, ಓವರ್‌ಟೈಮಿನಲ್ಲಿ 26-23ಕ್ಕೆ ಗೆದ್ದರು. ತಪ್ಪಾಗಿದೆ ಅಂತ ಲೀಗಿನವರೇ ಕೋಚ್‌ಗೆ ಫೋನಿನಲ್ಲಿ ಒಪ್ಪಿಕೊಂಡರು. ಲೂಸಿಯಾನಾದ ಅಭಿಮಾನಿಗಳು ಕೋರ್ಟಿಗೂ ಹೋದರು!

ಗಲಾಟೆ ತಣ್ಣಗಾಗಲಿ ಅಂತ ಆ ವರ್ಷ ಪಾಸ್ ಇಂಟರ್‌ಫಿಯರೆನ್ಸನ್ನು ರಿವ್ಯೂಗೆ ಸೇರಿಸಿದರು. ಕೊಟ್ಟ ಫೌಲೂ, ಕೊಡದ ಫೌಲೂ. ಆಗ ಆದದ್ದು ನೋಡಿ. ಕೋಚ್‌ಗಳು ಕೆಂಪು ಬಟ್ಟೆ ಎಸೆಯುತ್ತಾರೆ. ಟಿವಿಯಲ್ಲಿ ಕೈ ಹಿಡಿದು ಎಳೆದದ್ದು ಕಾಣುತ್ತದೆ. ನ್ಯೂಯಾರ್ಕಿನವರು ಬದಲಾಯಿಸುವುದಿಲ್ಲ. ಒಂದು ವಾರ ಬದಲಾಯಿಸಿದರೆ, ಮುಂದಿನ ವಾರ ಅದೇ ಥರದ್ದನ್ನು ಬಿಡುತ್ತಾರೆ. ಯಾಕೆ? ಪಾಸ್ ಹಿಡಿಯುವಾಗ ಇಬ್ಬರೂ ಸ್ವಲ್ಪ ಕೈ ಹಾಕಿಯೇ ಹಾಕುತ್ತಾರೆ. ಎಷ್ಟಕ್ಕೆ ಫೌಲ್ ಅನ್ನುವುದು ಓಡುತ್ತಾ ನೋಡುವವನ ಅಂದಾಜು. ನಿಧಾನಗತಿಯಲ್ಲಿ ಸಣ್ಣ ತಳ್ಳಾಟವೂ ಕೊಲೆಯ ಹಾಗೆ ಕಾಣುತ್ತದೆ. ಅದನ್ನೆಲ್ಲ ಫೌಲ್ ಅಂದರೆ ಆಟವೇ ಉಳಿಯುವುದಿಲ್ಲ, ಅನ್ನದಿದ್ದರೆ ರಿವ್ಯೂ ಯಾಕೆ ಬೇಕಿತ್ತು? 2020ಕ್ಕೆ ಆ ನಿಯಮವನ್ನು ಮುಂದುವರಿಸಲಿಲ್ಲ. ಯಾರೂ ಅದಕ್ಕಾಗಿ ಅಳಲೂ ಇಲ್ಲ.

ಹೋಲ್ಡಿಂಗ್ ಇನ್ನೂ ಕಷ್ಟ. ಪ್ರತಿ ಆಟದಲ್ಲೂ ಮುಂದಿನ ಐದು ಜನ ಎದುರಿನವರನ್ನು ತಡೆಯುತ್ತಾ ಇರುತ್ತಾರೆ. ಹುಡುಕಿದರೆ ದಿನವಿಡೀ ಸಿಗುತ್ತದೆ.

ಈಗ ಹಿಡಿದಿರುವ ದಾರಿ ನನಗೆ ವಾಸಿ ಅನಿಸುತ್ತದೆ. 2021ರಿಂದ ಬೂತಿನವರು ಕೆಲವು ಸಂಗತಿ ಎದ್ದು ಕಂಡರೆ ಆಟ ನಿಲ್ಲಿಸದೆ ರೆಫರಿ ಕಿವಿಗೆ ಹೇಳಬಹುದು. ಕಾಲು ಹೊರಗಿತ್ತು, ಚೆಂಡು ನೆಲಕ್ಕೆ ತಾಗಿತ್ತು, ಇಂಥದ್ದು. 2025ರಲ್ಲಿ ಹೆಲ್ಮೆಟ್ ಜಾಲರಿ ಹಿಡಿದು ಎಳೆದರು ಅಂತ ಕೊಟ್ಟ ಫೌಲಿನಂಥ ಕೆಲವಕ್ಕೂ ಅದನ್ನು ವಿಸ್ತರಿಸಿದರು. ಆದರೆ ಅಲ್ಲಿಯೂ ಬಿದ್ದ ಬಟ್ಟೆಯನ್ನು ಎತ್ತಿಸಬಹುದು ಅಷ್ಟೇ, ಬೀಳದ ಬಟ್ಟೆಯನ್ನು ಬೀಳಿಸಲು ಬರುವುದಿಲ್ಲ. 2019ರಿಂದ ಪಾಠ ಕಲಿತ ಹಾಗೆ ಕಾಣುತ್ತದೆ. ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ರೆಫರಿ ಒಮ್ಮೆ ಕಿವಿಗೆ ಕೈ ಹಿಡಿಯುತ್ತಾರೆ, ತೀರ್ಪು ಬದಲಾಗಿರುತ್ತದೆ.

ಬೈಕಂಪಾಡಿ_ಬಾಯ್

ಮಾಸ್ಟ್ರೇ, ನಾನು ತಮಾಷೆಗೆ ಬರೆದೆ, ಈಗ ಪೂರ್ತಿ ಓದಿದೆ. ಶನಿವಾರ ಕಾಲೇಜು ಫುಟ್‌ಬಾಲ್ ಅಂತ ಬರುತ್ತದಲ್ಲ, ಅದಕ್ಕೂ ಇದೇ ನಿಯಮವಾ? ಒಮ್ಮೆ ನೋಡುವ ಅಂತ.

ಸುರತ್ಕಲ್_ಸಿಗ್ನಲ್ಸ್

ಇಲ್ಲ ಮಾರಾಯ, ಬೇರೆ. ಕಾಲೇಜಿನಲ್ಲಿ 2004ರಲ್ಲಿ ಬಿಗ್ ಟೆನ್ ಅನ್ನುವ ಗುಂಪು ಮೊದಲು ಪ್ರಯೋಗ ಮಾಡಿತು, ಆಮೇಲೆ ಎಲ್ಲ ಕಡೆ ಬಂತು. ಅಲ್ಲಿ ಬೂತಿನವರು ಪ್ರತಿಯೊಂದು ಆಟವನ್ನೂ ನೋಡಿ, ಬೇಕಿದ್ದರೆ ತಾವೇ ನಿಲ್ಲಿಸುತ್ತಾರೆ. ಕೋಚ್ ಚಾಲೆಂಜ್ ಇದೆ, ಆದರೆ ಹೆಚ್ಚು ಬಳಸುವ ಅಗತ್ಯ ಬೀಳುವುದಿಲ್ಲ. ತಲೆಗೆ ಗುರಿಯಿಟ್ಟು ಗುದ್ದಿದರೆ ಹೊರಗೆ ಕಳಿಸುತ್ತಾರೆ, ಅದನ್ನೂ ರಿವ್ಯೂ ಮಾಡಿಯೇ ಕಳಿಸುವುದು. ಕ್ಯಾಚ್‌ಗೆ ಒಂದು ಕಾಲು ಒಳಗಿದ್ದರೆ ಸಾಕು, ಎರಡು ಬೇಡ. ಮೊಣಕಾಲಿನ ನಿಯಮವೂ ಬೇರೆ: ಯಾರೂ ಮುಟ್ಟದೆ ತಾನೇ ಜಾರಿ ಮೊಣಕಾಲು ಊರಿದರೂ ಆಟ ಅಲ್ಲಿಗೆ ನಿಂತಿತು. ಎನ್‌ಎಫ್‌ಎಲ್‌ನಲ್ಲಾದರೆ ಎದ್ದು ಓಡಬಹುದು. ಶನಿವಾರ ಮೊದಲ ಮ್ಯಾಚುಗಳು ನಮಗೆ ರಾತ್ರಿ ಒಂಬತ್ತೂವರೆಗೆ, ಚಳಿಗಾಲದಲ್ಲಿ ಹತ್ತೂವರೆಗೆ ಶುರು.